ತಿದ್ದುಪಡಿ

ಮೂವತ್ತೊಂದು ವರ್ಷ ಜನನ ಮರಣದ ದಫ್ತರದಲ್ಲಿ ಕೂತವಳು ನಾನು.
ಆಲ್ಬಾಯ್ ಸೀಮೆಯ ಪುರಸಭೆ, ಕಿಟಕಿಯಾಚೆ ಮಯೋನ್ ಬೆಟ್ಟದ ಹೊಗೆ.
ಒಂದಕ್ಷರ ಹೆಚ್ಚಾಯಿತೆಂದು ಒಬ್ಬ, ಒಂದಕ್ಷರ ಸಾಲದೆಂದು ಒಬ್ಬಳು,
ಗಂಡೆಂದು ಬರೆಸಿಕೊಂಡು ಐದು ಮಕ್ಕಳ ಹೆತ್ತ ಹೆಂಗಸು,
ಎಲ್ಲರೂ ನನ್ನ ಮೇಜಿಗೆ ಬಂದವರೇ.
ಈಗ ನಿವೃತ್ತಿ.
ಹಿತ್ತಿಲ ತಗಡಿನ ಮಾಡಿನಡಿ ನೇತುಬಿಟ್ಟ ಹದಿನೇಳು ಹೂಜಿ ಗಿಡ,
ಹದಿನೇಳು ಚೀಟಿ,
ಅದರಲ್ಲಿ ಒಂಬತ್ತು ಸುಳ್ಳು.

ತಂಗಿಯ ಮಗ ಅನ್ಸೆಲ್ಮೊ ಲೆಗಾಸ್ಪಿಯ ಸಂತೆಯಿಂದ ತಂದದ್ದು ಇದು.
ಚೀಟಿಯಲ್ಲಿ 'ಅಲಾಟಾ'. ನಮ್ಮ ಲುಝೋನ್ ದ್ವೀಪದ್ದೇ ಕುಲ.
ಕುಂಡದ ತಳದಲ್ಲಿ ಮಾತ್ರ ಹಾಲೆಂಡಿನ ಕಂಪನಿಯ ಮುದ್ರೆ.
ಗಾಜಿನ ಸೀಸೆಯಲ್ಲಿ ಮೊಳೆತು, ವಿಮಾನ ಹತ್ತಿ,
ತವರಿಗೆ ಬಂದಿದೆ ಪಾಪ,
ಬೇರೆಯವರ ಹೆಸರು ಹೊತ್ತು.

ಸೊಂಟ ನೋಡು ಅನ್ಸೆಲ್ಮೊ, ಎಂದೆ.
ಅಲಾಟಾ ಬುಡದಲ್ಲಿ ಉಬ್ಬಿ, ಆಮೇಲೆ ನೆಟ್ಟಗೆ ಕೊಳವೆ.
ಇದಕ್ಕೋ ನಟ್ಟನಡುವೆ ಯಾರೋ ಬೆರಳಲ್ಲಿ ಹಿಚುಕಿದ ಹಾಗೆ.
ಎಲೆಗೆ ತೊಟ್ಟು ಉಂಟೋ ಇಲ್ಲವೋ, ಗಿಡಕ್ಕೇ ತೀರ್ಮಾನವಾಗಿಲ್ಲ.
ಮುಚ್ಚಳ ಮಗುಚು, ಹರಿಯದಂತೆ; ಹಿಡಿ ಭೂತಗನ್ನಡಿ.
ಬುಡದ ಹತ್ತಿರ, ನಡುನರದ ಮೇಲೆ,
ಪುಟ್ಟದೊಂದು ಗೂನು ಇರಬೇಕಿತ್ತು.
ಇದೆಯೇ?
ಇದೆ ಅಂದರೆ ಇದೆ, ದೊಡ್ಡಮ್ಮ, ಇಲ್ಲ ಅಂದರೆ ಇಲ್ಲ.
ಹಾಂ, ಅಷ್ಟೇ. ಗೂನಲ್ಲ ಅದು, ಗೂನಿನ ನೆನಪು.

ಅಲಾಟಾ ಒಂದು ಕಡೆ, ನಡು ಸಣ್ಣನೆಯ ವೆಂಟ್ರಿಕೋಸಾ ಒಂದು ಕಡೆ.
ಬೆರಕೆ. ವೆಂಟ್ರಾಟಾ ಅನ್ನುತ್ತಾರೆ.
ಊರೂರ ಕಿಟಕಿಗಳಲ್ಲಿ ಅಲಾಟಾ ಅನ್ನಿಸಿಕೊಂಡು
ನೇತಾಡುವವರಲ್ಲಿ ಎಷ್ಟೋ ಮಂದಿ ಇದೇ.
ಗಟ್ಟಿ ಪಿಂಡ. ನೀರು ಮರೆತರೂ ಸಾಯದು, ಬಿಸಿಲಿಗೆ ಕೆಂಪೇರಿ ನಗುತ್ತದೆ;
ಮಾರುವವನಿಗೆ ಇನ್ನೇನು ಬೇಕು.

ಅನ್ಸೆಲ್ಮೊನ ಮುಖ ಸಪ್ಪಗಾಯಿತು.
ಅಪ್ಪಟ ಅಂತ ನೂರೆಂಬತ್ತು ಪೆಸೊ ಹೆಚ್ಚು ಕೊಟ್ಟಿದ್ದನಂತೆ.
ಹಿಂದೆ ಕೊಟ್ಟುಬಿಡಲೇ?
ಯಾರಿಗೋ? ಗಿಡ ಏನು ಸುಳ್ಳು ಹೇಳಿತು ನಿನಗೆ?

ಉಳಿದ ಎಂಟರ ಕತೆ ಕೇಳಬೇಡಿ.
ಒಂದಕ್ಕೆ ಅದು ಕಂಡೇ ಇರದ ಬೆಟ್ಟದ ಹೆಸರು.
ಒಂದು, ರಕ್ತದ ಬಣ್ಣವೆಂದು ಬರೆಸಿಕೊಂಡು
ನಾಲ್ಕು ವರ್ಷದಿಂದ ಹಸಿರು ಹೂಜಿಯನ್ನೇ ಬಿಡುತ್ತಿದೆ.
ಮೂರು ನನ್ನದೇ ಪಾಪ:
ತೂಫಾನಿನ ರಾತ್ರಿ ಚೀಟಿಗಳೆಲ್ಲ ಉದುರಿ ಬಕೆಟ್ಟಿನಲ್ಲಿ ತೇಲಿದವು,
ಬೆಳಗ್ಗೆ ಅಂದಾಜಿಗೆ ಚುಚ್ಚಿದೆ.
ಮೂವತ್ತೊಂದು ವರ್ಷದ ಗುಮಾಸ್ತೆ, ಅಂದಾಜಿಗೆ!

ನಮ್ಮೂರಲ್ಲಿ ನಾವೆಲ್ಲ 'ಆರ್' ಅಕ್ಷರದವರು.
ರಾಯೋಸ್, ರೊಂಕಾಲ್, ರಿಕಾರ್ತೆ. ನಾನು ಮೆಲ್ಚೋರಾ ರೆಬ್ಯಾನಾಲ್.
ಸ್ಪೇನಿನವರ ಕಾಲಕ್ಕೆ ಅಡ್ಡಹೆಸರುಗಳ ದೊಡ್ಡ ಪುಸ್ತಕ ಬಂತಂತೆ,
ಹಾಳೆ ಹಾಳೆಯಾಗಿ ಊರುಗಳಿಗೆ ಹಂಚಿದರಂತೆ,
ತೆರಿಗೆ ಎಣಿಸಲು ಸಲೀಸು.
ಅದಕ್ಕೆ ಮುಂಚೆ ನಮ್ಮನ್ನು ಏನೆಂದು ಕೂಗುತ್ತಿದ್ದರು?
ಅಜ್ಜಿಯನ್ನು ಕೇಳಿದ್ದೆ. ಊಟಕ್ಕೆ ಕೂಗುತ್ತಿದ್ದರು, ಅಂದಿದ್ದಳು.

ಐಸ್‌ಕ್ರೀಂ ಡಬ್ಬಿಯ ಮುಚ್ಚಳ ಕತ್ತರಿಸಿ ಹೊಸ ಚೀಟಿ ಮಾಡಿದೆ.
ಪೆನ್ಸಿಲ್ಲೇ ಮೇಲು; ಶಾಯಿ ನಮ್ಮ ಮಳೆಗೆ ಬಾಳದು.
ಬೆರಕೆಯಾದರೆ ಹೆಸರಿಗೆ ಮೊದಲು ಗುಣಾಕಾರದ ಗುರುತು, ಅದು ರೂಢಿ.
ಒಂದು ಗೀಟು ಎಳೆದೆ.
ಅದರ ಮೇಲೆ ಅಡ್ಡಲಾಗಿ ಇನ್ನೊಂದು.
ಕೈ ಅಲ್ಲೇ ನಿಂತಿತು.

ಗೆದ್ದಲು ಬಿಟ್ಟುಳಿದ ಹಳೆಯ ದಾಖಲೆಯೊಂದರಲ್ಲಿ
ಬಳುಕುವ ಸ್ಪ್ಯಾನಿಷ್ ಕೈಬರಹದ 'ರೆಬ್ಯಾನಾಲ್',
ಪಕ್ಕದಲ್ಲಿ, ಓದು ಬಾರದ ನನ್ನ ಮುತ್ತಜ್ಜ
ಟಾಕು ಮುರಿಯುವಷ್ಟು ಒತ್ತಿ,
ಹಾಳೆಯ ಬೆನ್ನಿಗೂ ಮೂಡುವಂತೆ ಎಳೆದ
ಇದೇ ಎರಡು ಗೀಟು.

ಮುಂದೆ ಬರಿ ದೊಡ್ಡಮ್ಮ, ಎಂದ ಅನ್ಸೆಲ್ಮೊ,
ನೀರಿನ ತಂಬಿಗೆ ಹಿಡಿದು.