ಜೊತೆಗೆ ಇಪ್ಪತ್ತು ಕಿಲೋ

ಕೋಲಾರದ ಬಸ್‌ಸ್ಟ್ಯಾಂಡಿನ ಹಿಂದೆ
ಜೆರಾಕ್ಸ್ ಅಂಗಡಿಯ ನೆತ್ತಿಯ ಮೇಲೆ
ಶತಶೃಂಗ ಲಾಡ್ಜ್.
ಬೋರ್ಡಿನಲ್ಲಿ ಶೃಂಗದ ಟ್ಯೂಬು ಹೋಗಿ
ರಾತ್ರಿ ಹೊತ್ತು ಬರೀ ಶತ.
ನೂರು ಏನು ಅಂತ ಯಾರೂ ಕೇಳಿದ ಹಾಗಿಲ್ಲ.
ಬಾಡಿಗೆ ನಾನೂರೈವತ್ತು. ಬಿಸಿನೀರು ಆರರಿಂದ ಏಳು,
ಒಬ್ಬರಿಗೆ ಒಂದು ಬಕೀಟು.

ಪಿಳ್ಳಪ್ಪನವರು ರಿಜಿಸ್ಟರು ತಿರುಗಿಸಿ ಮುಂದಿಟ್ಟರು.
ಹೆಸರು: ನೀಲಮ್ಮ ಬಡಿಗೇರ.
ಎಲ್ಲಿಂದ: ಗದಗ. ಎಲ್ಲಿಗೆ: ಗದಗ.
ಬಂದ ಉದ್ದೇಶ: ತಕ್ಕಡಿ.
‘ಅಂದ್ರೆ?’
ಮಂಡಿಯ ತಕ್ಕಡಿಗಳು ಸುಳ್ಳು ಹೇಳಲು ಶುರುಮಾಡಿದರೆ
ಕಂಪನಿ ನನ್ನನ್ನು ಕಳಿಸುತ್ತದೆ.
ಗಂಡನ ಹೆಸರಿನ ಕಲಮಿನಲ್ಲಿ ಗೆರೆ ಎಳೆದೆ.
ಆ ಗೆರೆಯನ್ನು ಅವರು ಬಹಳ ಹೊತ್ತು ಓದಿದರು.
‘ಜೊತೆಗ್ಯಾರಕ್ಕ?’
ಪೆಟ್ಟಿಗೆ ಎತ್ತಿ ಮೇಜಿನ ಮೇಲಿಟ್ಟೆ, ಮೇಜು ನರಳಿತು.
‘ಇಪ್ಪತ್ತು ಕಿಲೋರಿ,’ ಅಂದೆ. ‘ಸರ್ಕಾರದ ಮುದ್ರಿ ಅದ.’

ರೂಮು ಹನ್ನೊಂದು.
ಯಾರೋ ಬಿಟ್ಟುಹೋದ ಸೋಪಿನ ಚೂರು,
ಕನ್ನಡಿಗೆ ಅಂಟಿಸಿ ಮರೆತ ಎರಡು ಸ್ಟಿಕ್ಕರ್ ಬೊಟ್ಟು.
ಫ್ಯಾನಿಗೆ ಎರಡೇ ಮನಸ್ಸು: ಒಲ್ಲೆ, ಇಲ್ಲವೇ ಬಿರುಗಾಳಿ.
ಹಾಸಿಗೆಯ ನಡುವೆ ಒಬ್ಬರ ಮೈಯ ಗುಂಡಿ,
ನನಗಿಂತ ಉದ್ದದವರದು.
ಬಾಗಿಲಿಗೆ ಚಿಲಕವಿತ್ತು,
ಚಿಲಕ ಹೋಗಿ ಕೂರುವ ತೂತು ಇರಲಿಲ್ಲ.
ಐದೈದು ಕಿಲೋದ ನಾಲ್ಕು ಬಟ್ಟುಗಳನ್ನು
ಬಾಗಿಲ ಬುಡಕ್ಕೆ ಸಾಲಾಗಿ ಕೂರಿಸಿದೆ.
ಬರಿನೆಲಕ್ಕೆ ಇಡಬಾರದು, ಕಂಪನಿಯ ನಿಯಮ.
ಟವೆಲು ಹಾಸಿದೆ.

ಹನ್ನೆರಡು ದಾಟಿತ್ತು. ಯಾರೋ ಬಾಗಿಲು ತಳ್ಳಿದರು.
ತೆಲುಗಿನಲ್ಲಿ ಹೆಸರು ಹಿಡಿದು ಕರೆದರು,
ಸರೋಜಮ್ಮನೋ ಸರಸಮ್ಮನೋ,
ಮೆತ್ತಗೆ, ಕೈಸಾಲ ಕೇಳುವವರ ಹಾಗೆ.
ಬಾಗಿಲು ಎರಡು ಬೆರಳು ಸರಿಯಿತು,
ಅಷ್ಟೇ.
ಚಪ್ಪಲಿ ಸದ್ದು ಮೆಟ್ಟಿಲಿಳಿಯಿತು, ನಿಂತಿತು, ಮತ್ತೆ ಇಳಿಯಿತು.
ಆಮೇಲೆ ನಿದ್ದೆ ಎಲ್ಲಿಯದು.

ಕೆಳಗೆ ಬೆಂಚಿನ ಮೇಲೆ ರೂಮ್‌ಬಾಯ್ ಚಲಪತಿ,
ಅವನಿಗೂ ಎಚ್ಚರ.
ಮೂಲೆಯಲ್ಲಿ ಕಾಸು ಹಾಕಿ ಹತ್ತುವ ಹಳೇ ತೂಕದ ಮಿಷಿನ್ನು.
‘ಯಾರ್ ನಿಂತ್ರೂ ನಲವತ್ತೊಂದೇ ಅಕ್ಕ,
ಲಾರಿ ಡ್ರೈವರೂ ನಲವತ್ತೊಂದು,
ಮದುವೆಗೆ ಬಂದ ಹೆಣ್ಣೂ ನಲವತ್ತೊಂದು.’
ಬೆನ್ನು ಬಿಚ್ಚಿದೆ.
ಜೇಡ, ತುಕ್ಕು, ಚಲಾವಣೆ ನಿಂತ ಎಂಟಾಣೆಗಳು,
ಒಂದು ಒಂಟಿ ಓಲೆ. ಕಾಸಿಲ್ಲದೆ ಯಾರು ಹಾಕಿದ್ದರೋ.
ಚಲಪತಿ ಮೇಲಿಂದ ಬಟ್ಟುಗಳನ್ನು
ಒಂದೊಂದೇ ಎದೆಗವಚಿ ಹೊತ್ತು ತಂದ.
ಐದು. ಹತ್ತು. ಹದಿನೈದು.
ಮುಳ್ಳು ಪ್ರತಿ ಸಲ ತಡವರಿಸಿ, ನನ್ನ ಬೆರಳ ತಿರುವಿಗೆ
ಕೊನೆಗೂ ಇಪ್ಪತ್ತರ ಎದುರು ಬಂದು ನಿಂತಿತು
ತಡವಾಗಿ ಶಾಲೆಗೆ ಬಂದವನಂತೆ.

‘ಈಗ ನೀ ನಿಲ್ಲು.’
ಮೂವತ್ತೆಂಟು.
ಅವನ ಮುಖ ಇಳಿಯಿತು.
‘ಮೂರು ಕೇಜಿ ಕದ್ಬಿಟ್ರಲ್ಲಕ್ಕಾ.’
ವಯಸ್ಸು ಕೇಳಿದೆ.
ಹದಿನೆಂಟು ಅಂದ,
ರಿಜಿಸ್ಟರಿಗೆ ಹೇಳುವ ದನಿಯಲ್ಲಿ.
ನಾನು ಮುಳ್ಳನ್ನೇ ನೋಡುತ್ತಿದ್ದೆ.

ನಾಲ್ಕಕ್ಕೆ ಮಂಡಿಯ ಕಡೆ ಲಾರಿಗಳ ಸಾಲು,
ಟೊಮೇಟೊ ಕ್ರೇಟುಗಳು ಒಂದರ ಮೇಲೊಂದು ಬೀಳುವ ಸದ್ದು.
ಪಿಳ್ಳಪ್ಪನವರು ಎದ್ದು ಬಂದು, ಮಿಷಿನ್ನು ನೋಡಿ, ನಿಂತರು.
ಎಂಬತ್ತಮೂರು.
ಇಳಿದು ಚಪ್ಪಲಿ ಬಿಟ್ಟು ಮತ್ತೆ ನಿಂತರು.
ಆಮೇಲೆ ಒಂದು ರಟ್ಟು ಹರಿದು
‘ಕೆಟ್ಟಿದೆ’ ಅಂತ ಬರೆದು ತೂಗುಹಾಕಿದರು.
ಬಾಡಿಗೆಯಲ್ಲಿ ಒಂದು ರೂಪಾಯಿ ಬಿಡಲಿಲ್ಲ.
‘ಇನ್ನೊಂದ್ಸಲ ಬಂದ್ರೆ ಅದೇ ರೂಮ್ ಕೊಡ್ತೀನಿ, ಒಬ್ರೇ ಆದ್ರೂ.’
‘ಮೊದಲ ಚಿಲಕಾ ಹಾಕಸ್ರಿ.’

ಪೆಟ್ಟಿಗೆಯ ಒಂದು ಕಿವಿ ಹಿಡಿದು
ಚಲಪತಿ ಮಂಡಿಯ ಗೇಟಿನ ತನಕ ಬಂದ.
ಮೊದಲ ತಕ್ಕಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು
ಕೆಳಗೆ ಹಾಸಲು ಹುಡುಕಿದಾಗ ನೆನಪಾಯಿತು,
ಟವೆಲು ಹನ್ನೊಂದರಲ್ಲೇ ಉಳಿದಿದೆ,
ಬಾಗಿಲ ಹಿಂದೆ,
ನಾಲ್ಕು ದುಂಡು ಗುರುತುಗಳ ಸಮೇತ.