ನೀರು ಯಾವ ಕಡೆ?

ನಲವತ್ತು ವರ್ಷ ದೋಣಿ ಕಟ್ಟಿದ ದೊಡ್ಡಪ್ಪ ರೆಮಿಹಿಯೊ
ಮೊದಲ ದಿನವೇ ತಪ್ಪಿದ.
ಪ್ಲೈವುಡ್ ಪೆಟ್ಟಿಗೆ ನಿಲ್ಲಿಸಿ, ತಿರುಪು ಬಿಗಿದು,
ಫೈಬರ್ ಬಟ್ಟೆಯನ್ನು ಹೊರಮೈಗೆ ಹಾಸಿ
ರಾಳ ಸವರತೊಡಗಿದ್ದ.
ಅಮ್ಮ ಬಟಾಟೆ ಬುಟ್ಟಿ ಇಳಿಸಿ ಕೇಳಿದಳು:
"ನೀರು ಯಾವ ಕಡೆ?"

ಬ್ರಷ್ಷು ಗಾಳಿಯಲ್ಲೇ ನಿಂತಿತು.
ಅವನ ಕೈಗೆ ನೀರೆಂದರೆ ಹೊರಗಿನದು,
ಹೊಸಿಲಾಚೆಯೇ ನಿಲ್ಲಿಸಿ ಮಾತಾಡಿಸಬೇಕಾದ ನೆಂಟ.
ಈಗ ಅದನ್ನೇ ಒಳಗೆ ಕೂರಿಸಿ ಬಾಗಿಲು ಹಾಕಬೇಕು.

ಚಿಲೊಯೆಯಲ್ಲಿ ಮಳೆ ತಿಂಗಳುಗಟ್ಟಲೆ ಬಿಡುವುದಿಲ್ಲ.
ಜನವರಿ ಬಂತೋ, ಬಾವಿಯ ಕಪ್ಪೆಗೂ ಕೆಸರೇ ಗತಿ.
ಗುರುವಾರಕ್ಕೊಮ್ಮೆ ಪುರಸಭೆಯ ಲಾರಿ.
ಸುತ್ತ ಕಡಲು, ಒಲೆಯ ಮೇಲೆ ಖಾಲಿ ಕೆಟಲ್ಲು.

ಒಳಗಿಳಿದ. ಮೂಲೆ ಮೂಲೆಗೆ
ಮರದ ಹುಡಿ ಕಲಸಿದ ರಾಳ ಮೆತ್ತಿ
ಚಮಚದ ಬೆನ್ನಿಂದ ದುಂಡಗೆ ತೀಡಿದ.
ಚೂಪು ಮೂಲೆ ಬಟ್ಟೆಗೆ ಆಗಿಬರದು,
ಬೆನ್ನ ಹಿಂದೆ ಗಾಳಿ ಬಚ್ಚಿಟ್ಟುಕೊಳ್ಳುತ್ತದೆ.
ರಾಳಕ್ಕೆ ಹೆಪ್ಪು ಹಾಕುವ ಕೆಲಸ ನನ್ನದು, ಹನಿ ಎಣಿಸಿ:
ಹೆಚ್ಚಾದರೆ ಡಬ್ಬಿಯಲ್ಲೇ ಹೊಗೆಯಾಡಿ ಕಲ್ಲು,
ಕಮ್ಮಿಯಾದರೆ ವಾರವಿಡೀ ಅಂಟು.
ಗಾಜಿನ ನವೆ ರಾತ್ರಿ ಹಾಸಿಗೆಗೂ ಬಂತು.

ತುಂಬಿದ ಮೂರನೆಯ ಬೆಳಿಗ್ಗೆ
ಕೆಳಗೆ ಹಾಸಿದ್ದ ಪತ್ರಿಕೆಯ ಮೇಲೆ, ನಲ್ಲಿಯ ಬಳಿ,
ಒಂದು ಹನಿ. ಅಮ್ಮ ಪೆನ್ಸಿಲಿನಿಂದ ಸುತ್ತು ಹಾಕಿದಳು.
"ಮರ ಕುಡಿದು ಉಬ್ಬಲಿ, ತಾನೇ ಬಾಯಿ ಮುಚ್ಚುತ್ತೆ,"
ಅಂದ ದೊಡ್ಡಪ್ಪ. ಅದು ಹಲಗೆ ದೋಣಿಯ ಮಾತು.
ಪ್ಲೈವುಡ್ ಕುಡಿದರೆ ಪದರ ಪದರ ಬಿಚ್ಚಿಕೊಳ್ಳುತ್ತದೆ,
ಅವನಿಗೂ ಗೊತ್ತು.
ಸುತ್ತು ದೊಡ್ಡದಾಗುವವರೆಗೆ ಕಾದು ಹೇಳಿದ:
"ಖಾಲಿ ಮಾಡಿ."

ಮೂರು ಸಾವಿರ ಲೀಟರು! ಮಂಗಳವಾರ!
ಅಮ್ಮ ಬಯ್ಯಲಿಲ್ಲ, ಬೇಲಿಯ ಬಳಿ ನಿಂತು ಬಕೆಟ್ಟು ಬಡಿದಳು.
ದೋಮಿತಿಲಾ ಜ್ಯಾಮ್ ಕಾಯಿಸುವ ಕೊಪ್ಪರಿಗೆ ತಂದಳು,
ಬೆರ್ನಾರ್ದಿನೊ ಸೇಬಿನ ಹೆಂಡದ ಪೀಪಾಯಿ ಉರುಳಿಸಿದ,
ಟೀಚರಮ್ಮ ಮಗುವಿನ ಸ್ನಾನದ ತೊಟ್ಟಿ.
ಒಂದು ತೊಟ್ಟೂ ನೆಲ ಕಾಣಲಿಲ್ಲ.
ಅಷ್ಟೂ ಸಾಲ, ಬರೆದಿಟ್ಟವರಿಲ್ಲ.

ನಲ್ಲಿಯ ತೂತು ಉಜ್ಜಿ, ಒಣಗಿಸಿ, ಮತ್ತೆ ಬಟ್ಟೆ, ಮತ್ತೆ ರಾಳ.
ಮುಂದಿನ ಗುರುವಾರ ಲಾರಿ ಅರ್ಧ ತುಂಬಿಸಿತು,
ಸಂಜೆ ಉಳಿದದ್ದು ತಾನೇ ನಡೆದು ಬಂತು.
ಬೆರ್ನಾರ್ದಿನೊನ ನೀರಿಗೆ ಸೇಬಿನ ವಾಸನೆ.
ದೋಮಿತಿಲಾ ಮಾತ್ರ ಕೊಪ್ಪರಿಗೆ ಬಿಟ್ಟು
ಬೆಂದ ಬಟಾಟೆಯ ತಟ್ಟೆ ಹಿಡಿದು ಬಂದಳು:
"ನಿಮ್ಮದು ಇದರಲ್ಲಿದೆ."

ದೊಡ್ಡಪ್ಪ ಟ್ಯಾಂಕಿಗೆ ಬೆನ್ನು ಆನಿಸಿ ತಿಂದ.
ಕೆಳಗಿನ ಪತ್ರಿಕೆ ಒಣಗಿಯೇ ಇತ್ತು.
ಪ್ರತಿ ತುತ್ತಿಗೂ ಬಗ್ಗಿ ನೋಡುತ್ತಿದ್ದ.