ನಲವತ್ತೊಂದು

ರೌಟರ್ ಇರುವುದು ತ್ಸಿಯಾಲಾಳ ಕಪಾಟಿನಲ್ಲಿ,
ಹುಳಿ ಪ್ಲಮ್ ಗೊಜ್ಜಿನ ಜಾಡಿಗಳ ಹಿಂದೆ,
ಗಂಡನ ಪದಕಗಳ ಪಕ್ಕ.
ಕಪಾಟಿಗೆ ಬೀಗ. ಬೀಗದ ಕೈ ಅವಳ ಕೊರಳಲ್ಲಿ.
ಕೊರಳು ಈಗ ಪೋತಿಯಲ್ಲಿ,
ತಂಗಿಯ ಮೊಣಕಾಲಿನ ಆಪರೇಷನ್ನಿಗೆ ಹೋಗಿದೆ;
ಕುತಾಯಿಸಿಗೆ ಬರುವುದು ಬುಧವಾರ, ಬಂದರೆ.

ಗಾಜಿನಾಚೆ ಮೂರು ಹಸಿರು ದೀಪ ಮಿಣಿಮಿಣಿ.
ಬಾಡಿಗೆ ಕೋಣೆಯ ನೆಸ್ತಾನ್ ನೋಡುತ್ತಾಳೆ,
ಸಾಲ ಕೊಡದ ಅಂಗಡಿಯವನನ್ನು ನೋಡುವಂತೆ.

ಬೆಳಿಗ್ಗೆ ಇರ್ಮಾ ಫೋನು ಮಾಡಿದ್ದಳು:
"ನಾಲ್ಕು ವರ್ಷದ ಹಿಂದೆ ನೀವು ತೆಗೆದ ನನ್ನ ಮದುವೆ,
ಅದು ಮುಗಿಯಿತು. ಸಹಿಯೂ ಆಯಿತು.
ಅದರಲ್ಲಿ ನಮ್ಮಜ್ಜ ಎರಡು ನಿಮಿಷ ಕುಣಿದಿದ್ದಾನೆ.
ಅಷ್ಟು ಕೊಡಿ. ಅವನಿಲ್ಲದ ಹಾಗೆ."
ಕೊನೆಯ 'ಅವನು' ಯಾರೆಂದು ನೆಸ್ತಾನ್ ಕೇಳಲಿಲ್ಲ.
ಶನಿವಾರ ಅಜ್ಜನ ನಲವತ್ತನೆಯ ದಿನ.

ಪೆಟ್ಟಿಗೆ ಮೇಜಿನ ಮೇಲಿದೆ. ಕಪ್ಪು. ಒಳಗೆ
ಎರಡು ಡಿಸ್ಕು, ಆರುನೂರ ಹನ್ನೊಂದು ಮದುವೆ,
ಕೆಲವು ಇನ್ನೂ ಬಾಳುತ್ತಿವೆ.
ಮುಚ್ಚಿದ ಸ್ಟುಡಿಯೋದಿಂದ
ಸ್ವೆಟರಿನಲ್ಲಿ ಸುತ್ತಿ ತಂದದ್ದು.
ಪರದೆಯಿಲ್ಲ, ಕೀಲಿಮಣೆಯಿಲ್ಲ,
ಯುಎಸ್‌ಬಿ ಚುಚ್ಚಿದರೆ
ತಾನೂ ಒಂದು ಕಂಪ್ಯೂಟರು ಎಂಬ ಜಂಬ.

ನಡುವೆ ದಲ್ಲಾಳಿ ಬೇಕಂತೆ,
ನಿನಗೆ ಈ ನಂಬರು, ಅವಳಿಗೆ ಆ ನಂಬರು ಎಂದು
ಹಂಚಿಕೊಡುವವನು. ಅವನು ಕಪಾಟಿನಲ್ಲಿದ್ದಾನೆ.
ನೆಸ್ತಾನ್ ಒಂದು ಗಜ ಕೇಬಲ್ಲು ತೆಗೆದು
ಈ ತುದಿ ಇಲ್ಲಿ, ಆ ತುದಿ ಅಲ್ಲಿ,
ಟಕ್, ಟಕ್,
ಇಬ್ಬರನ್ನೂ ಎದುರುಬದುರು ಕೂರಿಸಿದಳು.

ಏನೂ ಇಲ್ಲ.
ಲ್ಯಾಪ್‌ಟಾಪು ಕೂಗಿತು: ನನಗೊಂದು ವಿಳಾಸ ಕೊಡುವವರು
ಯಾರಾದರೂ ಇದ್ದೀರಾ?
ಮತ್ತೆ ಕೂಗಿತು. ಬೇಸತ್ತು ತಾನೇ
ನೂರ ಅರವತ್ತೊಂಬತ್ತರಿಂದ ಶುರುವಾಗುವ
ಅನಾಥ ನಂಬರೊಂದನ್ನು ಅಂಟಿಸಿಕೊಂಡಿತು.
ಪೆಟ್ಟಿಗೆಯೋ, ಅದೇ ತಂತಿಯ ಆ ತುದಿಯಲ್ಲಿ
ಕಲ್ಲು.

ರಾತ್ರಿ ಹನ್ನೊಂದು. ಟೀ ಆರಿದೆ.
ಪೆಟ್ಟಿಗೆ ಮಗುಚಿದಳು. ತಳದಲ್ಲಿ ಅಂಟುಪಟ್ಟಿ,
ಅದರ ಮೇಲೆ ಪೆನ್ಸಿಲ್ಲಿನಲ್ಲಿ ಬಾದ್ರಿಯ ಕೋಳಿಕಾಲು ಬರಹ
(ಸ್ಟುಡಿಯೋದ ಪಾಲುದಾರ, ಈಗ ವಾರ್ಸಾದಲ್ಲಿ ಲಾರಿ ಓಡಿಸುತ್ತಾನೆ):
೧೯೨, ೧೬೮, ೧, ೪೦.

ಅಯ್ಯೋ ಮಂಕೆ,
ಇನ್ನೂ ಹಳೆಯ ಮನೆಯ ನಂಬರೇ ಹೇಳಿಕೊಂಡು ಕೂತಿದ್ದೀಯಾ!
ಆ ಮನೆಯಲ್ಲಿ ಈಗ ಬೂಟಿನಂಗಡಿ.

ಅದನ್ನು ಬದಲಿಸಲು ಒಳಗೆ ಹೋಗಬೇಕು,
ಒಳಗೆ ಹೋಗಲು ಅದು ಓಗೊಡಬೇಕು.
ಆಯಿತು, ಅದು ಏಳುವುದಿಲ್ಲವಾದರೆ
ನಾವೇ ಅದರ ಬೀದಿಗೆ ಹೋಗೋಣ.
ಲ್ಯಾಪ್‌ಟಾಪಿಗೆ ಕೈಯಾರೆ ಬರೆದಳು: ಮೊದಲ ಮೂರು ಅದರದೇ,
ಕೊನೆಯದು ನಲವತ್ತೊಂದು. ಪಕ್ಕದ ಮನೆ.
ಮಾಸ್ಕು ಎರಡಕ್ಕೂ ಒಂದೇ;
ಸಗೋತ್ರ ಕೂಡದು ಎನ್ನುವವರು ಗಮನಿಸಿ,
ಇಲ್ಲಿ ಗೋತ್ರ ಬೇರೆಯಾದರೆ ಮಾತೇ ಇಲ್ಲ.
ಗೇಟ್‌ವೇ ಕೇಳಿದ ಕಡೆ ಖಾಲಿ ಬಿಟ್ಟಳು.
ಎರಡೇ ಮನೆಯ ಬೀದಿಗೆ ಯಾವ ಊರಬಾಗಿಲು.

ಎರಡು ಓರೆಗೀಟು, ನಂಬರು, ಎಂಟರ್.

ಪಾಸ್‌ವರ್ಡ್ ಕೇಳಿತು.
ಆಹಾ, ಪಾಸ್‌ವರ್ಡ್ ಕೇಳಿತು!
ಯಾರು ನೀನು ಎನ್ನುವುದಕ್ಕಾದರೂ ಬಾಯಿ ಬಿಟ್ಟಿತಲ್ಲ.

ವಾದ್ಯದವರು ಊಟಕ್ಕೆ ಎದ್ದಿದ್ದಾರೆ,
ದೋಲಿ ಕುರ್ಚಿಯ ಮೇಲೆ ಮಲಗಿದೆ.
ಅಜ್ಜ ಸಾವ್ಲೆ ಎದ್ದು ನಿಂತು
ತೋಳು ಚಾಚಿ, ಎದೆ ಸೆಟೆಸಿ,
ನೀರಿನ ಮೇಲೆ ತಟ್ಟೆ ತೇಲಿದಂತೆ ಸಾಗುತ್ತಾನೆ.
ಯಾರೂ ನುಡಿಸುತ್ತಿಲ್ಲ. ಚೌಕಟ್ಟಿನ ಎಡ ಅಂಚಿನಲ್ಲಿ
ಮದುಮಗನೊಬ್ಬನೇ, ಟೈ ಸಡಿಲ,
ಮುದುಕನ ಕಾಲಿನಿಂದ ಕಣ್ಣು ಕೀಳದೆ
ಚಪ್ಪಾಳೆ ತಟ್ಟುತ್ತಿದ್ದಾನೆ.

ಅವನ ಮುಖ ಕತ್ತರಿಸಿದಳು. ಭುಜ ಕತ್ತರಿಸಿದಳು.
ತೋಳಿನ ಗುಂಡಿಯೊಂದು ಉಳಿದಿತ್ತು, ಅದೂ ಹೋಯಿತು.
ಸದ್ದು ತೆಗೆದು ನೋಡಿದಳು:
ಅಜ್ಜನ ಕಾಲುಗಳು ನೆಲ ಮರೆತವು.
ಮತ್ತೆ ಹಾಕಿದಳು.

ಫೋನಿನ ಇಂಟರ್ನೆಟ್ಟಿನಲ್ಲಿ ಕಳಿಸಲು ಮುಕ್ಕಾಲು ಗಂಟೆ.
ಎರಡರ ಹೊತ್ತಿಗೆ ಇರ್ಮಾಳಿಂದ:
"ಚಪ್ಪಾಳೆ ಇದೆ."
ನೆಸ್ತಾನ್ ಉದ್ದ ಬರೆದಳು, ಅಳಿಸಿದಳು,
"ಇದೆ" ಎಂದಷ್ಟೇ ಕಳಿಸಿದಳು.
ಆ ಕಡೆಯಿಂದ ಮತ್ತೇನೂ ಬರಲಿಲ್ಲ.

ಪೆನ್ಸಿಲ್ ಹುಡುಕಿ, ಪೆಟ್ಟಿಗೆ ಮಗುಚಿ,
ಬಾದ್ರಿಯ ನಲವತ್ತರ ಕೆಳಗೆ
ನಲವತ್ತೊಂದು ಎಂದು ಬರೆದಿಟ್ಟಳು.